ಮಿಸ್ ಜೊತೆ ಏನು ಮಾತಾಡಬೇಕು, ಯಾವಾಗ, ಹೇಗೆ

ಸಂಜೆ ಶಾಲೆ ಬಿಡುವ ಹೊತ್ತು. ಗೇಟಿನ ಹೊರಗೆ ವ್ಯಾನು, ಆಟೋ, ಸ್ಕೂಟರುಗಳ ಗದ್ದಲ. ಒಂದನೇ ಕ್ಲಾಸಿನ ಮಿಸ್ ಒಂದು ಕೈಯಲ್ಲಿ ಅಳುವ ಮಗುವನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿದ್ದ ವ್ಯಾನಿನ ಪಟ್ಟಿ ನೋಡುತ್ತ, ಯಾವ ಮಗು ಯಾರ ಜೊತೆ ಹೊರಟಿತು ಎಂದು ಲೆಕ್ಕ ಇಡುತ್ತಿರುತ್ತಾರೆ. ಅಷ್ಟರಲ್ಲಿ ಒಬ್ಬರು ಮುಂದೆ ಬಂದು, "ಮಿಸ್, ನಮ್ ಹುಡುಗ ಮನೇಲಿ ಓದೋದೇ ಇಲ್ಲ, ಏನ್ ಮಾಡೋದು?" ಎನ್ನುತ್ತಾರೆ. "ನೋಡ್ತೀನಿ ಅಮ್ಮಾ, ಸ್ವಲ್ಪ ಗಮನ ಕೊಡಿ" ಎಂದು ಮಿಸ್ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಕೇಳಿದವರಿಗೆ ಉತ್ತರ ಸಿಗಲಿಲ್ಲ, ಹೇಳಿದವರಿಗೆ ತೊಂದರೆ ಏನೆಂದು ತಿಳಿಯಲಿಲ್ಲ. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಹುಡುಗನಿಗೆ ಮಾತ್ರ ತಾನು ಓದದವನು ಎನ್ನುವುದು ಇನ್ನಷ್ಟು ಗಟ್ಟಿಯಾಯಿತು.

ಬೆಂಗಳೂರಿನ ಸರ್ಕಾರಿ ಶಾಲೆಯಾಗಲಿ, ಖಾಸಗಿ ಶಾಲೆಯಾಗಲಿ, ಇದು ದಿನವೂ ನಡೆಯುತ್ತದೆ. ಮಿಸ್ ನಿಮ್ಮ ಮಗುವನ್ನು ಮೂವತ್ತು ನಲವತ್ತು ಮಕ್ಕಳ ನಡುವೆ ನೋಡುತ್ತಾರೆ. ನೀವು ನೋಡುವುದು ರಾತ್ರಿ ಊಟದ ಹೊತ್ತಿನಲ್ಲಿ, ಬೆಳಗಿನ ಅವಸರದಲ್ಲಿ, ಜ್ವರ ಬಂದಾಗ. ಇಬ್ಬರಿಗೂ ಅರ್ಧರ್ಧ ಗೊತ್ತು. ಆ ಎರಡು ಅರ್ಧ ಸೇರಬೇಕಾದರೆ ಒಂದು ಅಭ್ಯಾಸ ಬೇಕು: ನೀವು ಕಂಡದ್ದನ್ನು ಹೇಳಿ, ತೀರ್ಪನ್ನು ಆಮೇಲೆ ನೋಡೋಣ. "ಲೆಕ್ಕದಲ್ಲಿ ವೀಕು" ಎಂಬುದು ತೀರ್ಪು. "ನಾಲ್ಕು ದಿನದಿಂದ ಕೂಡೋದು ಮಾಡ್ತಾಳೆ, ಕಳೆಯೋದು ಬಂದ ಕೂಡಲೇ ಪುಸ್ತಕ ಮುಚ್ಚಿಡ್ತಾಳೆ" ಎಂಬುದು ಕಂಡದ್ದು. ಮೊದಲನೆಯದಕ್ಕೆ ಮಿಸ್ ತಲೆಯಾಡಿಸಬಹುದು ಅಷ್ಟೆ. ಎರಡನೆಯದನ್ನು ಕೇಳಿದರೆ ನಾಳೆ ಬೆಳಿಗ್ಗೆ ಏನು ನೋಡಬೇಕು ಎಂದು ಅವರಿಗೆ ಗೊತ್ತಾಗುತ್ತದೆ.

ಶಾಲೆ ಶುರುವಾದ ಮೊದಲ ವಾರ: ಅರ್ಧ ಪುಟ

ವರ್ಷದ ಮೊದಲ ಮಾತು ದೂರಿನಿಂದ ಶುರುವಾಗಬಾರದು. ಮೊದಲ ವಾರದಲ್ಲೇ ಅರ್ಧ ಪುಟ ಬರೆದು ಡೈರಿಯಲ್ಲಿಟ್ಟು ಕಳಿಸಿ. ಕನ್ನಡವೋ ಇಂಗ್ಲಿಷೋ, ಕೈಬರಹ ಸಾಕು. ಅದರಲ್ಲಿ ಇಷ್ಟಿರಲಿ:

- ಮನೆಯಲ್ಲಿ ಮಗುವನ್ನು ಕರೆಯುವ ಹೆಸರು. ಮನೆಯಲ್ಲಿ "ಪುಟ್ಟಿ" ಎಂದೇ ಕೇಳಿ ಬೆಳೆದ ಐದು ವರ್ಷದ ಮಗು, ಹಾಜರಿ ಪುಸ್ತಕದ ಉದ್ದ ಹೆಸರು ಕೂಗಿದರೆ ಮೊದಲ ಕೆಲವು ದಿನ ತಿರುಗಿಯೂ ನೋಡದಿರಬಹುದು.
- ಮನೆಮಾತು ಯಾವುದು, ಕನ್ನಡ ಎಷ್ಟು ಬರುತ್ತದೆ.
- ಆರೋಗ್ಯ: ಉಬ್ಬಸ, ಫಿಟ್ಸ್, ಕನ್ನಡಕ, ಆಗದ ತಿಂಡಿ. ಇನ್‌ಹೇಲರ್ ಇದ್ದರೆ ಹೆಸರು ಬರೆದು ಒಂದನ್ನು ಶಾಲೆಯಲ್ಲೇ ಇಡಿ, ಡಾಕ್ಟರ್ ಚೀಟಿಯ ನಕಲನ್ನೂ ಕೊಡಿ.
- ಕರೆದುಕೊಂಡು ಹೋಗಲು ಬರುವವರು ಯಾರು, ಯಾರ ಜೊತೆ ಕಳಿಸಕೂಡದು.
- ಫೋನ್ ನಂಬರ್ ಎರಡು, ಯಾವ ಹೊತ್ತಿನಲ್ಲಿ ಯಾವುದನ್ನು ಎತ್ತುತ್ತೀರಿ ಎಂಬುದರ ಸಮೇತ.
- ಮಗುವಿಗೆ ತುಂಬ ಇಷ್ಟವಾದದ್ದು ಒಂದು, ಹೆದರಿಕೆ ಹುಟ್ಟಿಸುವುದು ಒಂದು.

ಕೊನೆಯ ಸಾಲನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. "ಕತ್ತಲೆ ಟಾಯ್ಲೆಟ್ ಅಂದ್ರೆ ಭಯ, ಒಂದಕ್ಕೆ ಬಂದ್ರೂ ತಡೆದುಕೊಳ್ತಾನೆ" ಎಂಬ ಒಂದು ಸಾಲು ಗೊತ್ತಿದ್ದರೆ, ಮಧ್ಯಾಹ್ನ ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಬೈಗುಳ ತಪ್ಪುತ್ತದೆ. ಮನೆಯಲ್ಲಿ ಸಾವು, ಹೊಸ ಮಗು, ಅಪ್ಪ ಬೇರೆ ಊರಿಗೆ ಹೋಗಿರುವುದು, ಬಾಡಿಗೆ ಮನೆ ಬದಲಾಯಿಸುವುದು ಇಂಥವನ್ನೂ ಒಂದು ಸಾಲಿನಲ್ಲಿ ತಿಳಿಸಿ. ವಿವರ ಬೇಕಿಲ್ಲ. "ಮನೆಯಲ್ಲಿ ಸ್ವಲ್ಪ ಕಷ್ಟದ ಸಮಯ, ಮಗು ಮಂಕಾಗಿದ್ದರೆ ಅದಕ್ಕೇ" ಎಂದರೆ ಸಾಕು.

ಡೈರಿ, ವಾಟ್ಸಾಪ್, ಫೋನು

ಯಾವ ಮಾತನ್ನು ಎಲ್ಲಿ ಹೇಳುತ್ತೀರಿ ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಇವತ್ತು ಬೇಗ ಕರೆದೊಯ್ಯಬೇಕು, ವ್ಯಾನ್ ಬೇಡ, ಅಜ್ಜಿ ಬರುತ್ತಾರೆ ಎಂಬಂಥದ್ದನ್ನು ಮಿಸ್ ವಾಟ್ಸಾಪಿಗೆ ಹಾಕಿ ಸುಮ್ಮನಾಗಬೇಡಿ. ಪಾಠ ಮಾಡುವಾಗ ಅವರ ಫೋನು ಬ್ಯಾಗಿನಲ್ಲಿರುತ್ತದೆ. ಮೂರೂವರೆಗೆ ಶಾಲೆ ಬಿಟ್ಟ ಮೇಲೆ ಅವರು ಮೆಸೇಜು ನೋಡುವಷ್ಟರಲ್ಲಿ ವ್ಯಾನು ಸಿಲ್ಕ್ ಬೋರ್ಡ್ ಹತ್ತಿರ ಇರುತ್ತದೆ. ಇದಕ್ಕೆ ಶಾಲೆಯ ಆಫೀಸಿಗೆ ಫೋನೇ ಸರಿ, ಅದೂ ಮಧ್ಯಾಹ್ನದ ಊಟಕ್ಕೆ ಮೊದಲು. ಫೀಸು, ವ್ಯಾನಿನ ಬಿಲ್ಲು, ಯೂನಿಫಾರಂ ಕೂಡ ಆಫೀಸಿನ ವಿಷಯ. ಕ್ಲಾಸ್ ಮಿಸ್ ಕೈಯಲ್ಲಿ ಅದಾವುದೂ ಇಲ್ಲ.

ರಜೆ ಚೀಟಿ, ಔಷಧದ ವಿಷಯ ಡೈರಿಯಲ್ಲಿ ಸಹಿ ಹಾಕಿ ಬರೆಯಿರಿ. ಔಷಧವಾದರೆ ಹೆಸರು, ಎಷ್ಟು, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ. "ಸಿರಪ್ ಕೊಡಿ ಮಿಸ್" ಎಂದಷ್ಟೇ ಬರೆದರೆ ಯಾವ ಶಿಕ್ಷಕರೂ ಕೊಡುವ ಧೈರ್ಯ ಮಾಡುವುದಿಲ್ಲ, ಮಾಡಲೂಬಾರದು.

ಮಗು ಹೇಗಿದೆ ಎಂಬ ಮಾತಿಗೆ ವಾಟ್ಸಾಪ್ ಒಳ್ಳೆಯದೇ, ಆದರೆ ಮೆಸೇಜು ಒಂದೇ ಸಲಕ್ಕೆ ಪೂರ್ತಿ ಇರಲಿ. "ಗುಡ್ ಈವ್ನಿಂಗ್ ಮಿಸ್" ಎಂದು ಕಳಿಸಿ ಉತ್ತರಕ್ಕೆ ಕಾಯುವುದು, ಆಮೇಲೆ "ಒಂದು ವಿಷಯ ಕೇಳಬೇಕಿತ್ತು" ಎನ್ನುವುದು, ಆಮೇಲೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜು: ಇದು ಇಬ್ಬರ ಸಂಜೆಯನ್ನೂ ತಿನ್ನುತ್ತದೆ. ಹೀಗೆ ಬರೆಯಿರಿ:

"ನಮಸ್ತೆ ಮಿಸ್. 2 'ಬಿ' ಅನನ್ಯ ಅಮ್ಮ. ಸೋಮವಾರದಿಂದ ಮೂರು ದಿನ ಊಟದ ಡಬ್ಬಿ ಹಾಗೇ ವಾಪಸ್ ಬರ್ತಿದೆ. ಕೇಳಿದ್ರೆ 'ಟೈಮ್ ಸಾಲಲ್ಲ' ಅಂತಾಳೆ. ಊಟದ ಹೊತ್ತಲ್ಲಿ ಒಂದು ದಿನ ಗಮನಿಸಿ ತಿಳಿಸ್ತೀರಾ? ಅರ್ಜೆಂಟ್ ಇಲ್ಲ, ಈ ವಾರದೊಳಗೆ ಸಾಕು."

ಯಾರು, ಯಾವಾಗಿನಿಂದ, ನೀವು ಕಂಡದ್ದೇನು, ಮಗು ಹೇಳಿದ್ದೇನು, ನಿಮಗೆ ಬೇಕಾದ್ದೇನು, ಯಾವಾಗೊಳಗೆ. ಎಲ್ಲವೂ ಅಲ್ಲಿದೆ, ಯಾರ ಮೇಲೂ ತಪ್ಪು ಹೊರಿಸಿಲ್ಲ. ಒಂದು ಮೆಸೇಜಿಗೆ ಒಂದೇ ವಿಷಯ. ಡಬ್ಬಿಯ ಜೊತೆಗೆ ಕಾಪಿ ರೈಟಿಂಗು, ಕಳೆದುಹೋದ ಸ್ವೆಟರು ಎಲ್ಲ ಸೇರಿಸಿದರೆ ಸ್ವೆಟರಿಗೆ ಮಾತ್ರ ಉತ್ತರ ಬರುತ್ತದೆ, ಏಕೆಂದರೆ ಅದೊಂದೇ ಸುಲಭ. ರಾತ್ರಿ ಎಂಟರ ನಂತರ ಕಳಿಸಬೇಡಿ. ಮಿಸ್ ಮನೆಯಲ್ಲೂ ಮಕ್ಕಳಿದ್ದಾರೆ, ತಿದ್ದಬೇಕಾದ ನೋಟ್ ಬುಕ್ಕುಗಳಿವೆ.

ತರಗತಿಯ ಗ್ರೂಪಿನಲ್ಲಿ ನಿಮ್ಮ ಮಗುವಿನ ವಿಷಯವನ್ನಾಗಲಿ, ಬೇರೆ ಮಗುವಿನ ಹೆಸರನ್ನಾಗಲಿ ಎತ್ತಲೇಬೇಡಿ. ಅಲ್ಲಿ ಬರೆದ ಒಂದು ಸಾಲಿಗೆ ನಲವತ್ತು ಮನೆಗಳಲ್ಲಿ ನಲವತ್ತು ಅರ್ಥ ಹುಟ್ಟುತ್ತದೆ. ಮರುದಿನ ಬೆಂಚಿನಲ್ಲಿ ಕೂತ ಮಕ್ಕಳು ಅದನ್ನೇ ಆಡಿಕೊಳ್ಳುತ್ತಾರೆ. ಹೋಂವರ್ಕ್ ಏನೆಂದು ಮರೆತಿದ್ದರೆ ಇನ್ನೊಬ್ಬರ ಅಮ್ಮನನ್ನು ಕೇಳಿ. ಅಂದಹಾಗೆ, ಕರ್ನಾಟಕದಲ್ಲಿ 1 ಮತ್ತು 2ನೇ ತರಗತಿಗೆ ಹೋಂವರ್ಕ್ ಕೊಡಬಾರದು, ಆ ಮಕ್ಕಳ ಬ್ಯಾಗು 2 ಕೆಜಿ ದಾಟಬಾರದು ಎಂದು ಶಿಕ್ಷಣ ಇಲಾಖೆ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಬ್ಯಾಗು ಭಾರ ಎನಿಸಿದರೆ ಮನೆಯ ತಕ್ಕಡಿಯಲ್ಲಿ ಒಂದು ವಾರ ತೂಗಿ, ದಿನ ಮತ್ತು ತೂಕ ಬರೆದುಕೊಂಡು ಹೋಗಿ. "ತುಂಬಾ ಭಾರ ಮಿಸ್" ಎನ್ನುವುದಕ್ಕಿಂತ "ಮಂಗಳವಾರ ಮಾತ್ರ ನಾಲ್ಕು ಕೆಜಿ ಬರ್ತಿದೆ, ಅವತ್ತು ಯಾವ ಪುಸ್ತಕ ಬಿಡಬಹುದು?" ಎಂದರೆ ಅಲ್ಲೇ ಇತ್ಯರ್ಥವಾಗುತ್ತದೆ.

ಪೋಷಕರ ಸಭೆಯ ಹತ್ತು ನಿಮಿಷ

ಶಿಕ್ಷಕರು ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸಬೇಕು ಎನ್ನುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಮೂವತ್ತು ಮಕ್ಕಳಿಗೆ ಹತ್ತು ಹತ್ತು ನಿಮಿಷವೆಂದರೂ ಐದು ಗಂಟೆ. ನಿಮ್ಮ ಪಾಲಿಗೆ ಬರುವುದು ಅಷ್ಟೇ. ಆ ಹತ್ತು ನಿಮಿಷ ಚೆನ್ನಾಗಿ ಆಗಬೇಕಾದರೆ ಹಿಂದಿನ ರಾತ್ರಿ ಕಾಲು ಗಂಟೆ ನೋಟ್ ಬುಕ್ ಬಿಡಿಸಿ ನೋಡಿ. ಅಂಕ, ಸ್ಟಾರು, "ಗುಡ್" ನೋಡಬೇಡಿ. ತಪ್ಪುಗಳನ್ನು ನೋಡಿ.

ಉದಾಹರಣೆಗೆ ಒಂದು ಲೆಕ್ಕ. 52ರಲ್ಲಿ 27 ಕಳೆದರೆ 35 ಎಂದು ಮಗಳು ಬರೆದಿದ್ದಾಳೆ. ಕೆಳಗೆ 41ರಲ್ಲಿ 18 ಕಳೆದು 37. ಇನ್ನೊಂದು, 63ರಲ್ಲಿ 29 ಕಳೆದು 46. ಮೂರಕ್ಕೂ ಕೆಂಪು ಗೀಟು, ಪಕ್ಕದಲ್ಲಿ "ಎಚ್ಚರಿಕೆಯಿಂದ ಮಾಡು". ಸರಿಯಾಗಿ ನೋಡಿದರೆ ಇಲ್ಲಿ ಎಚ್ಚರಿಕೆ ತಪ್ಪಿಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದಿದ್ದಾಳೆ. ಮೂರೂ ಕಡೆ ಹಾಗೇ: ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ತನ್ನದೇ ನಿಯಮವನ್ನು ತಪ್ಪದೆ ಪಾಲಿಸಿದ್ದಾಳೆ. ಹತ್ತನ್ನು ಬಿಡಿಸಿ ಬಿಡಿಗಳಾಗಿ ಮಾಡಿಕೊಳ್ಳುವುದು ಅವಳಿಗೆ ಇನ್ನೂ ಹಿಡಿದಿಲ್ಲ. ಆ ಪುಟಕ್ಕೆ ಗುರುತು ಇಟ್ಟುಕೊಂಡು ಹೋಗಿ ಮಿಸ್ ಮುಂದೆ ತೆರೆಯಿರಿ. "ಕ್ಲಾಸಲ್ಲಿ ಇದನ್ನ ಹೇಗೆ ಹೇಳ್ಕೊಡ್ತಿದ್ದೀರಿ, ಹತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸ್ತೀರಾ ಅಥವಾ ನೇರ ಸಾಲ ತಗೊಳ್ಳೋದಾ?" ಎಂದು ಕೇಳಿ. ಮನೆಯಲ್ಲೂ ಅದೇ ದಾರಿ ಹಿಡಿಯಿರಿ. ಶಾಲೆಯಲ್ಲಿ ಕಡ್ಡಿ ಕಟ್ಟು, ಮನೆಯಲ್ಲಿ ಅಪ್ಪ ಕಲಿತ "ಪಕ್ಕದ ಮನೆಯಿಂದ ಸಾಲ", ಟ್ಯೂಷನ್ನಿನಲ್ಲಿ ಇನ್ನೊಂದು: ಮೂರು ದಾರಿ ಒಟ್ಟಿಗೆ ಬಂದರೆ ಮಗು ಮತ್ತೆ ತನ್ನ ಹಳೆಯ ನಿಯಮಕ್ಕೇ ವಾಪಸು ಹೋಗುತ್ತದೆ.

ಕನ್ನಡದ ನೋಟ್ ಬುಕ್ಕಿನಲ್ಲೂ ಹೀಗೇ. "ಹಕ್ಕಿ" ಎಂಬುದು "ಹಕಿ", "ಪುಸ್ತಕ" ಎಂಬುದು "ಪುಸತಕ" ಆಗಿದ್ದರೆ ಒತ್ತಕ್ಷರ ಕೂತಿಲ್ಲ. ಆದರೆ ಅದೇ ಮಗು ಓದುವಾಗ "ಹಕ್ಕಿ" ಎಂದು ಸರಿಯಾಗಿ ಓದುತ್ತದೆಯೇ? ಓದುತ್ತದೆಂದರೆ ಬರೆಯುವ ಅಭ್ಯಾಸ ಬೇಕು. ಓದುವಾಗಲೂ ತಡವರಿಸಿದರೆ ಒತ್ತಕ್ಷರದ ಗುರುತೇ ಸಿಕ್ಕಿಲ್ಲ. ಇವೆರಡಕ್ಕೂ ಮದ್ದು ಬೇರೆ, ಮನೆಯಲ್ಲಿ ಓದಿಸಿ ನೋಡಿದವರಿಗೆ ಮಾತ್ರ ಈ ವ್ಯತ್ಯಾಸ ಗೊತ್ತು. "ಹಾಲು" ಬದಲು "ಆಲು" ಬರೆದರೆ ಮನೆಯಲ್ಲಿ ಆಡುವ ಮಾತು ಕಾರಣವಾಗಿರಬಹುದು. ತಮಿಳು ಮಾತಾಡುವ ಮನೆಯ ಮಗು "ಕ", "ಗ" ಅದಲುಬದಲು ಮಾಡಬಹುದು. ಇದನ್ನು ಮಿಸ್‌ಗೆ ಹೇಳಿ. ದಡ್ಡತನದ ಲೆಕ್ಕಕ್ಕೆ ಹೋಗಬೇಕಾಗಿದ್ದ ತಪ್ಪು ಭಾಷೆಯ ಲೆಕ್ಕಕ್ಕೆ ಬರುತ್ತದೆ.

ಸಭೆಯಲ್ಲಿ "ನಮ್ಮ ಮಗ ಹೇಗೆ ಮಿಸ್?" ಎಂದರೆ "ಚೆನ್ನಾಗಿದ್ದಾನೆ, ಇನ್ನೂ ಸ್ವಲ್ಪ ಇಂಪ್ರೂವ್ ಆಗಬೇಕು" ಎಂದೇ ಬರುವುದು. ಅದರ ಬದಲು ಮೂರೇ ಕೇಳಿ. ಯಾರ ಸಹಾಯವೂ ಇಲ್ಲದೆ ಏನು ಮಾಡ್ತಾನೆ, ಎಲ್ಲಿಗೆ ಬಂದು ನಿಂತುಬಿಡ್ತಾನೆ? ಊಟದ ಹೊತ್ತು, ಆಟದ ಹೊತ್ತಲ್ಲಿ ಯಾರ ಜೊತೆ ಇರ್ತಾನೆ? ಮನೆಯಲ್ಲಿ ದಿನಕ್ಕೆ ಹತ್ತೇ ನಿಮಿಷ ಸಿಗುತ್ತೆ, ಯಾವುದೊಂದನ್ನ ಮಾಡಿಸಲಿ? ಮೂರನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮಿಸ್ ಹೇಳಿದ ಆ ಒಂದನ್ನು ಅಲ್ಲೇ ಬರೆದುಕೊಂಡು, "ಹದಿನೈದು ದಿನ ಮಾಡಿಸಿ ತಿಳಿಸ್ತೀನಿ" ಎಂದು ಹೇಳಿ ಏಳಿ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲೇ ಗದರಬೇಡಿ. "ಮನೇಲೂ ಹೀಗೇ ಮಿಸ್, ನೀವೇ ಎರಡು ಬಾರಿಸಿ" ಎನ್ನುವವರು ಇನ್ನೂ ಇದ್ದಾರೆ. ಪ್ರೀತಿಯಿಂದಲೇ ಹೇಳಿರಬಹುದು, ಆದರೆ ಮಗುವಿಗೆ ಅವತ್ತಿಗೆ ಎರಡೂ ಬಾಗಿಲು ಮುಚ್ಚಿತು. ಇನ್ನೊಂದು ಮಗುವಿನ ಅಂಕವನ್ನೂ ಕೇಳಬೇಡಿ.

ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಇದ್ದರೆ

ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಗುಂಪುಗಳಲ್ಲಿ, ಕಾರ್ಡು ಹಿಡಿದು ಕಲಿಯುತ್ತಾರೆ. ಹಾಗಾಗಿ "ಯಾವ ಪಾಠ ನಡೀತಿದೆ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ಪಕ್ಕದ ಖಾಸಗಿ ಶಾಲೆಯಲ್ಲಿ ಇಷ್ಟು ಬರೆಸಿದ್ದಾರೆ" ಎಂಬ ಹೋಲಿಕೆಯೂ ಹೊಂದುವುದಿಲ್ಲ. ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಮಗು ಯಾವ ಮೈಲಿಗಲ್ಲಿನಲ್ಲಿದೆ, ಒಂದೇ ಕಡೆ ಎಷ್ಟು ದಿನದಿಂದ ನಿಂತಿದೆ, ಟೀಚರ್ ಸಹಾಯದ ಗುಂಪಿನಲ್ಲಿದೆಯೋ ತಾನೇ ಕಲಿಯುವ ಗುಂಪಿಗೆ ಬಂದಿದೆಯೋ ಎಂದು ಕೇಳಿ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ತೋರಿಸಿ ಎನ್ನಿ, ಸಂತೋಷದಿಂದ ತೋರಿಸುತ್ತಾರೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೋದರೆ ಟೀಚರ್ ಸಾವಕಾಶವಾಗಿ ಸಿಗುತ್ತಾರೆ.

ಶೌಚಾಲಯ, ಕುಡಿಯುವ ನೀರು, ಟೀಚರ್ ಕೊರತೆ ಇಂಥವು ಒಬ್ಬ ಟೀಚರಿಗೆ ಹೇಳಿ ತೀರುವಂಥದ್ದಲ್ಲ. ಅವು ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಸೇರಿದವು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ನಿಮ್ಮ ಬೀದಿಯಿಂದ ಯಾರಿದ್ದಾರೆ ಎಂದು ವಿಚಾರಿಸಿ ಅವರ ಮೂಲಕ ಬರವಣಿಗೆಯಲ್ಲಿ ಕೊಡಿ.

ಟೀಚರುಗಳಿಗೂ ಹೇಳಬೇಕಾದ್ದಿದೆ

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸಿಗೆ ಹೋಗುವ ತಾಯಿಯನ್ನು ಬುಧವಾರ ಹನ್ನೊಂದು ಗಂಟೆಗೆ ಸಭೆಗೆ ಕರೆದರೆ ಅವರ ಅವತ್ತಿನ ಸಂಬಳಕ್ಕೇ ಕುತ್ತು. ಬರಲಿಲ್ಲವೆಂದರೆ ಕಾಳಜಿ ಇಲ್ಲವೆಂದು ಅರ್ಥವಲ್ಲ. ಶನಿವಾರ ಕರೆಯಿರಿ, ಇಲ್ಲವೇ ಸಂಜೆ ಏಳರ ಹೊತ್ತಿಗೆ ಐದು ನಿಮಿಷ ಫೋನಿನಲ್ಲಿ ಮಾತಾಡಿ. ಓದಲು ಬಾರದವರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜು ಡೈರಿಗಿಂತ ಮೇಲು. ಅಜ್ಜಿ ಬಂದರೆ "ಅಮ್ಮ ಯಾಕೆ ಬರಲಿಲ್ಲ" ಎನ್ನಬೇಡಿ. ಎಷ್ಟೋ ಮನೆಗಳಲ್ಲಿ ಮಗುವನ್ನು ಎಬ್ಬಿಸಿ, ಉಣಿಸಿ, ಬ್ಯಾಗು ತುಂಬಿಸುವವರು ಅಜ್ಜಿಯೇ, ಹೆಚ್ಚು ಗೊತ್ತಿರುವುದೂ ಅವರಿಗೇ.

ವರ್ಷದ ಮೊದಲ ಕರೆ ಒಳ್ಳೆಯ ಸುದ್ದಿಯದಾಗಿರಲಿ. "ಇವತ್ತು ತಾನೇ ಎದ್ದು ಬಂದು ಬೋರ್ಡ್ ಮೇಲೆ ಬರೆದ" ಎಂದು ಒಂದು ಸಲ ಕೇಳಿದ ಅಪ್ಪ, ಆಗಸ್ಟಿನಲ್ಲಿ ನೀವು ಕಷ್ಟದ ಮಾತು ಹೇಳಿದಾಗ ಕಿವಿಗೊಡುತ್ತಾರೆ. ಶಾಲೆಯ ನಂಬರ್ ಬಂದ ಕೂಡಲೇ ಎದೆ ಧಸಕ್ಕೆನ್ನುವ ಮನೆಗೆ ಯಾವ ಮಾತೂ ಸರಿಯಾಗಿ ಕೇಳಿಸುವುದಿಲ್ಲ. "ತುಂಬಾ ತುಂಟ" ಎಂದು ಬರೆಯುವ ಬದಲು "ಊಟ ಆದಮೇಲಿನ ಪೀರಿಯಡ್‌ನಲ್ಲಿ ಕೂರೋದಿಲ್ಲ, ಬೆಳಿಗ್ಗೆ ಚೆನ್ನಾಗಿ ಕೂರ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ?" ಎಂದು ಕೇಳಿ.

ಹೊಡೆತ, ಜಗಳ, ಇನ್ನೂ ದೊಡ್ಡದು

ಮಕ್ಕಳ ನಡುವೆ ಹೊಡೆದಾಟವಾದರೆ ಆ ಇನ್ನೊಂದು ಮಗುವನ್ನೋ ಅದರ ಅಪ್ಪ-ಅಮ್ಮನನ್ನೋ ಗೇಟಿನಲ್ಲಿ ಹಿಡಿಯಬೇಡಿ. ಮಕ್ಕಳು ಮರುದಿನ ಒಟ್ಟಿಗೆ ಆಡುತ್ತಾರೆ, ದೊಡ್ಡವರು ವರ್ಷವಿಡೀ ಮುಖ ತಿರುಗಿಸಿಕೊಂಡಿರುತ್ತಾರೆ. ಕ್ಲಾಸ್ ಮಿಸ್‌ಗೆ ಹೇಳಿ, ಎರಡು ದಿನ ಸಮಯ ಕೊಡಿ.

ಶಿಕ್ಷಕರೇ ಹೊಡೆದರು, ಹೀಯಾಳಿಸಿದರು ಎಂದು ಮಗು ಹೇಳಿದರೆ ಅದೇ ರಾತ್ರಿ ಮಗುವಿನ ಮಾತನ್ನು ಅದು ಹೇಳಿದಂತೆಯೇ, ದಿನಾಂಕ ಹಾಕಿ ಬರೆದಿಡಿ. ಗುರುತು ಇದ್ದರೆ ಫೋಟೋ ತೆಗೆಯಿರಿ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮೊದಲು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ವಾರದೊಳಗೆ ಏನೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

ಯಾರಾದರೂ ಮಗುವನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ್ದಾರೆಂಬ ಅನುಮಾನವಿದ್ದರೆ ಮಾತ್ರ ಈ ಮೆಟ್ಟಿಲುಗಳು ಅನ್ವಯಿಸುವುದಿಲ್ಲ. ಶಾಲೆಯ ಉತ್ತರಕ್ಕೆ ಕಾಯಬೇಡಿ. 1098ಕ್ಕೋ ಪೊಲೀಸರಿಗೋ ನೇರವಾಗಿ ತಿಳಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದವರು ತಿಳಿಸಲೇಬೇಕು, ಶಾಲೆಯವರೂ ಅದಕ್ಕೆ ಹೊರತಲ್ಲ. ಮಗುವನ್ನು ಕೂರಿಸಿಕೊಂಡು ಮತ್ತೆ ಮತ್ತೆ ಕೇಳಬೇಡಿ. ಒಂದು ಸಲ ಕೇಳಿ, "ಹೇಳಿದ್ದು ಒಳ್ಳೇದಾಯ್ತು ಕಂದಾ, ನಿನ್ನ ತಪ್ಪೇನೂ ಇಲ್ಲ" ಎಂದು ಹೇಳಿ.

ಕಲಿಕೆ ಹಿಂದೆ ಬಿದ್ದಿದೆ ಎನಿಸಿದಾಗ

ಮಿಸ್ ಹೇಳಿದ ಒಂದು ಅಭ್ಯಾಸವನ್ನು ಎರಡು ಮೂರು ತಿಂಗಳು ಬಿಡದೆ ಮಾಡಿಸಿದರೂ ಅಕ್ಷರ ಕೂಡುತ್ತಿಲ್ಲ, ಬೋರ್ಡು ನೋಡಿ ಬರೆಯಲಾಗುತ್ತಿಲ್ಲ ಎಂದಾದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ "ಗಮನವಿಲ್ಲದ" ಮಕ್ಕಳಿಗೆ ಬೇಕಾಗಿದ್ದದ್ದು ಒಂದು ಕನ್ನಡಕ. ಅವೆರಡೂ ಸರಿಯಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ. ಬೆಂಗಳೂರಿನವರಿಗೆ ಮಾನಸಿಕ ಆರೋಗ್ಯ ಮತ್ತು ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್ ಹತ್ತಿರವೇ ಇದೆ, ಮಕ್ಕಳ ವಿಭಾಗದಲ್ಲಿ ತೋರಿಸಬಹುದು. ಹೋಗುವಾಗ ಮಿಸ್ ಕೈಯಲ್ಲಿ ಒಂದು ಪುಟ ಬರೆಸಿಕೊಳ್ಳಿ: ಓದುವಾಗ, ಬರೆಯುವಾಗ, ಬಾಯಿಂದ ಉತ್ತರ ಹೇಳುವಾಗ ಮಗು ಹೇಗಿರುತ್ತದೆ ಎಂದು. ಎರಡು ವರ್ಷದ ನೋಟ್ ಬುಕ್ಕುಗಳನ್ನೂ ಒಯ್ಯಿರಿ. ಬಾಯಲ್ಲಿ ಥಟ್ಟನೆ ಹೇಳುವ ಮಗು ಬರೆಯಲು ಕೂತರೆ ಒದ್ದಾಡುವುದು ಡಾಕ್ಟರಿಗೆ ಬಹಳ ಮುಖ್ಯವಾದ ಸುಳಿವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ವರದಿ ಬಂದ ಮೇಲೆ ಅದರ ನಕಲನ್ನು ಶಾಲೆಗೆ ಕೊಟ್ಟು, ಪರೀಕ್ಷೆಯಲ್ಲಿ ಏನು ಅನುಕೂಲ ಮಾಡಿಕೊಡುತ್ತೀರಿ ಎಂದು ಬರವಣಿಗೆಯಲ್ಲೇ ಕೇಳಿ.

ಯಾವ ಮಾತಾದರೂ ಸರಿ, ಹದಿನೈದು ದಿನದ ಮೇಲೆ ಏನಾಯಿತೆಂದು ಮಿಸ್‌ಗೆ ತಿಳಿಸಿ. ಇದನ್ನು ಬಹುತೇಕರು ಮಾಡುವುದಿಲ್ಲ. ಮಿಸ್ ಹೇಳಿದ ಉಪಾಯ ಫಲಿಸಿತೋ ಇಲ್ಲವೋ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ. ಉದ್ದ ಬರೆಯಬೇಕಿಲ್ಲ:

"ಮಿಸ್, ಅನನ್ಯ ಅಮ್ಮ. ನೀವು ಹೇಳಿದ ಹಾಗೆ ದಿನಾ ಹತ್ತು ನಿಮಿಷ ಕಡ್ಡಿ ಕಟ್ಟು ಬಿಚ್ಚಿ ಮಾಡಿಸಿದೆ. ಕಡ್ಡಿ ಇದ್ದರೆ ಐದಕ್ಕೆ ನಾಲ್ಕು ಸರಿ ಮಾಡ್ತಾಳೆ, ಇಲ್ಲದಿದ್ದರೆ ಇನ್ನೂ ತಪ್ಪು. ಮುಂದೆ ಹೇಗೆ ಮಾಡಿಸಲಿ?"